ಜಪ್ಪಯ್ಯ ಎನ್ನದ ರಿಂಗು

ಮಂಗಳೂರಿನ ಹೊರಗೆ, 66ನೇ ಹೆದ್ದಾರಿಯ ಪಕ್ಕದ ಗ್ಯಾರೇಜು. ಮಳೆಗಾಲ ಮುಗಿದು ಬಿಸಿಲು ಚುರುಗುಟ್ಟುತ್ತಿದೆ. ಸ್ಟ್ಯಾಂಡಿನ ಮೇಲೆ ನಿಂತ ಹಳೆಯ ಸ್ವಿಫ್ಟ್‌ನ ಮುಂದಿನ ಎರಡೂ ಚಕ್ರ ಕಳಚಿಟ್ಟಿದ್ದಾರೆ. ಕಾರಿನ ಹುಡುಗನಿಗೆ ಅದನ್ನು ತುಸು ಎತ್ತರಿಸಬೇಕಾಗಿದೆ. ಆಸೆಪಟ್ಟು, ಎತ್ತರ ಹೆಚ್ಚುಕಡಿಮೆ ಮಾಡಬಹುದಾದ ಸ್ಪ್ರಿಂಗು-ಶಾಕ್ ಜೋಡಿ, ಅಂದರೆ ಕಾಯ್ಲೋವರ್ ಹಾಕಿಸಿ ನೆಲ ಸವರುವಷ್ಟು ಇಳಿಸಿದ್ದ. ಈಗ ಹಂಪು ಹಂಪಿಗೂ ಅಡಿ ಬಡಿಯುತ್ತಿದೆ.

“ಎರಡು ರಿಂಗ್ ತಿರುಗಿಸಿದ್ರೆ ಆಯ್ತಲ್ಲ ಅಣ್ಣಾ, ಅರ್ಧ ಗಂಟೆ ಕೆಲಸ.”

ಮೇಸ್ತ್ರಿ ಟಾರ್ಚ್ ಬಿಟ್ಟು ನೋಡಿದರು. “ತಿರುಗಿದ್ರೆ ಅರ್ಧ ಗಂಟೆ ಮಾರಾಯ್ರೆ.”

ಶಾಕ್ ಅಬ್ಸಾರ್ಬರಿನ ಉಕ್ಕಿನ ಕೊಳವೆಗೆ ಮೈತುಂಬ ಥ್ರೆಡ್. ಅದರ ಮೇಲೆ ಅಲ್ಯೂಮಿನಿಯಂನ ಎರಡು ರಿಂಗು: ಮೇಲಿನದು ಸ್ಪ್ರಿಂಗನ್ನು ಹೊರುತ್ತದೆ, ಕೆಳಗಿನದು ಅದು ಜಾರದಂತೆ ಬಿಗಿಹಿಡಿಯುತ್ತದೆ. ಒಂದು ಕಾಲದ ನೀಲಿ ಬಣ್ಣ ಅಲ್ಲಲ್ಲಿ ಉಳಿದಿದೆ. ಥ್ರೆಡ್ಡಿನ ಸಂದಿಗಳಲ್ಲಿ ಕೆಸರು, ಕಂದು ತುಕ್ಕು, ಜೊತೆಗೆ ಅಕ್ಕಿಹಿಟ್ಟಿನಂಥ ಬಿಳಿಪುಡಿ. ಅಸಲು ತಂಟೆ ಈ ಪುಡಿಯದು. ಕಡಲಗಾಳಿಯ ಉಪ್ಪು ಒಂದು ಕಡೆ, ಮುಂದೆ ಹೋಗುವ ಮೀನು ಲಾರಿ ಸುರಿಸುವ ನೀರು ಇನ್ನೊಂದು ಕಡೆ. ಉಪ್ಪುನೀರು ತಗುಲಿದರೆ ಉಕ್ಕು, ಅಲ್ಯೂಮಿನಿಯಂ ಎರಡೂ ಸೇರಿ ಸಣ್ಣ ಬ್ಯಾಟರಿಯಾಗುತ್ತವೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಹುಟ್ಟಿದ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಜಾಗವಿಲ್ಲದ ಸಂದಿಯಲ್ಲಿ ಅದು ಬೆಣೆಯಾಗಿ ಕೂರುತ್ತದೆ. ಅಡ್ಜಸ್ಟ್ ಮಾಡಬಹುದು ಎಂದೇ ದುಡ್ಡು ಸುರಿದವರು ಒಮ್ಮೆ ಹಾಕಿಸಿದ ಮೇಲೆ ಆ ಕಡೆ ತಲೆ ಹಾಕುವುದಿಲ್ಲವಲ್ಲ, ಅದೂ ಸೇರಿಕೊಳ್ಳುತ್ತದೆ.

ಸಹಾಯಕ ಹುಡುಗ ಹಿತ್ತಾಳೆ ಬ್ರಶ್‌ನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ. ಯಾವ ಸ್ಪ್ರೇ ಒಳ್ಳೆಯದೆಂಬ ಜಗಳಕ್ಕೆ ಗ್ಯಾರೇಜುಗಳಲ್ಲಿ ಕೊನೆಯಿಲ್ಲ. ನನಗೇನೋ ಬ್ರಾಂಡಿಗಿಂತ ರಾತ್ರಿಯಿಡೀ ನೆನೆಯಲು ಬಿಡುವುದೇ ಮುಖ್ಯ ಅನಿಸುತ್ತದೆ. ಕಾರು ಅಲ್ಲೇ ಉಳಿಯಿತು.

ಬೆಳಿಗ್ಗೆ ಮೊದಲು ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಅದುಮಿ ರಿಂಗಿನ ಮೇಲಿನ ಭಾರ ಇಳಿಸಿದರು. ರಿಂಗಿನ ಬದಿಯಲ್ಲಿ, ಕೆಸರಿನಡಿ ಅಡಗಿದ್ದ ಪುಟ್ಟ ಅಲೆನ್ ಸ್ಕ್ರೂ ಸಡಿಲಿಸಿದರು. ಇದನ್ನು ನೋಡದೆ ಬಲ ಹಾಕಿ ಥ್ರೆಡ್ ಹಾಳುಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಆಮೇಲೆ ಹಾಟ್ ಏರ್ ಗನ್. ಸಹಾಯಕ ಹುಡುಗ ಗ್ಯಾಸ್ ಟಾರ್ಚಿಗೆ ಕೈಹಾಕಿದಾಗ ಮೇಸ್ತ್ರಿ ಗದರಿದರು: “ಒಳಗೆ ಆಯಿಲ್ ಉಂಟು, ಒತ್ತಡದ ಗ್ಯಾಸ್ ಉಂಟು. ಸಾಯ್ಲಿಕ್ಕುಂಟಾ ನಿಂಗೆ?” ಬಿಸಿ ರಿಂಗಿಗಷ್ಟೇ ತಾಗಬೇಕು. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ; ಹಿಡಿತ ಸಡಿಲುವುದು ಆ ಕೂದಲೆಳೆಯ ಅಂತರದಲ್ಲಿ.

ಸಿ-ಸ್ಪ್ಯಾನರಿನ ಕೊಕ್ಕೆಯನ್ನು ರಿಂಗಿನ ಕಚ್ಚಿಗೆ ಸಿಕ್ಕಿಸಿ ಆ ಕಡೆ ತುಸು, ಈ ಕಡೆ ತುಸು. ಮತ್ತೆ ಎಣ್ಣೆ. ಮತ್ತೆ ಬಿಸಿ. ‘ಟಕ್’ ಎಂದಿತು. ಎಡಗಡೆಯದು ಕಿರುಗುಟ್ಟುತ್ತ, ಬಿಳಿಪುಡಿ ಉದುರಿಸುತ್ತ ತಿರುಗತೊಡಗಿತು.

ಬಲಗಡೆಯದು ಜಪ್ಪಯ್ಯ ಎನ್ನಲಿಲ್ಲ. ಕಚ್ಚೇ ಮುರಿದುಬಂತು. ಮೇಸ್ತ್ರಿ ಹ್ಯಾಕ್ಸಾ ಎತ್ತಿಕೊಂಡು ರಿಂಗನ್ನು ಓರೆಯಾಗಿ ಕೊಯ್ದು, ಥ್ರೆಡ್ ಮುಟ್ಟುವ ಮೊದಲೇ ನಿಲ್ಲಿಸಿ, ಆ ಸೀಳಿಗೆ ಉಳಿಯಿಟ್ಟು ಒಂದೇ ಪೆಟ್ಟು ಕೊಟ್ಟರು. ರಿಂಗು ಬಾಯಿಬಿಟ್ಟಿತು. ಕೊಳವೆಯ ಥ್ರೆಡ್ಡಿಗೆ ಗೀರೂ ಬೀಳಲಿಲ್ಲ.

ಹೊಸ ರಿಂಗ್ ಬೆಂಗಳೂರಿನಿಂದ ಬರಬೇಕು. ಕಾರಿನ ಹುಡುಗ ಮುಖ ಸಣ್ಣದು ಮಾಡಿಕೊಂಡು ಬಸ್‌ಸ್ಟಾಪಿನತ್ತ ಹೊರಟ. “ಹೈಟ್ ಬದಲಾದ ಮೇಲೆ ಅಲೈನ್‌ಮೆಂಟೂ ಮಾಡಿಸ್ಬೇಕು ಆಯ್ತಾ, ಇಲ್ಲಾಂದ್ರೆ ಟಯರ್ ತಿಂದು ಹೋಗ್ತದೆ” ಎಂದು ಮೇಸ್ತ್ರಿ ಹಿಂದಿನಿಂದ ಕೂಗಿದರು.