ಕಾರಿನ ಇಂಧನ ಪಂಪಿನ ವಿದ್ಯುನ್ಮಂಡಲದಲ್ಲಿ ದೋಷಶೋಧನೆ

ಕಾರಿನ ಕೀಲಿಯನ್ನು ತಿರುಗಿಸಿದೊಡನೆ, ಎಂಜಿನ್ನು ಸುತ್ತಲಾರಂಭಿಸುವುದಕ್ಕೆ ಮೊದಲೇ, ಹಿಂಬದಿಯ ಆಸನದ ಕೆಳಗಿನಿಂದ ಸುಮಾರು ಎರಡು ಸೆಕೆಂಡುಗಳ ಕಾಲ ಒಂದು ಸಣ್ಣ ಗುಂಯ್‌ಕಾರ ಕೇಳಿಬರುವುದನ್ನು ವಾಚಕರಲ್ಲಿ ಅನೇಕರು ಗಮನಿಸಿರಬಹುದು. ಪೆಟ್ರೋಲ್ ತೊಟ್ಟಿಯಲ್ಲಿ ಮುಳುಗಿರುವ ವಿದ್ಯುತ್ ಪಂಪಿನ ಧ್ವನಿ ಅದು. ಕಾರ್ಬುರೇಟರ್ ಇದ್ದ ಕಾಲದಲ್ಲಿ ಹೆಚ್ಚಿನ ಕಾರುಗಳಲ್ಲಿ ಎಂಜಿನ್ನೇ ನಡೆಸುತ್ತಿದ್ದ ಯಾಂತ್ರಿಕ ಪಂಪು ಸಾಕಾಗುತ್ತಿತ್ತು. 1967ರಲ್ಲಿ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನಸಿಂಚನ ವ್ಯವಸ್ಥೆಯು ಫೋಕ್ಸ್‌ವಾಗನ್ ಕಾರುಗಳಲ್ಲಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ಇಂತಹ ವ್ಯವಸ್ಥೆ ಸಾಮಾನ್ಯವಾದುದು 2000ದ ಸುಮಾರಿಗೆ. ಇದಕ್ಕೆ ಬೇಕಾದ ಸುಮಾರು ಮೂರು ವಾಯುಭಾರದಷ್ಟು ಒತ್ತಡವನ್ನು ವಿದ್ಯುತ್ ಪಂಪು ಒದಗಿಸುತ್ತದೆ. ಆದುದರಿಂದ ಈ ಪಂಪಿಗೆ ಹೋಗುವ ತಂತಿಯಲ್ಲಿ ಕೊರತೆಯುಂಟಾದರೆ, ತೊಟ್ಟಿ ತುಂಬಿದ್ದರೂ ಎಂಜಿನ್ನು ಹಸಿದು ನಿಲ್ಲುತ್ತದೆ. ಅದೂ ಬಹುತೇಕ ಏರುದಾರಿಯಲ್ಲಿ, ಭಾರ ಹೆಚ್ಚಾದಾಗಲೇ.

ಇಂತಹ ಸಂದರ್ಭದಲ್ಲಿ ದುರಸ್ತಿಗಾರರು ಸಾಮಾನ್ಯವಾಗಿ ಮಾಡುವ ಪರೀಕ್ಷೆ ಇಷ್ಟೇ: ಪಂಪಿನ ಜೋಡಣೆಯನ್ನು ಕಳಚಿ, ವೋಲ್ಟ್‌ಮಾಪಕದ ಕೆಂಪು ಕಡ್ಡಿಯನ್ನು ತಂತಿಯ ತುದಿಗೂ ಕಪ್ಪು ಕಡ್ಡಿಯನ್ನು ಕಾರಿನ ಒಡಲಿಗೂ ಮುಟ್ಟಿಸುವುದು. 12 ವೋಲ್ಟುಗಳು ತೋರಿಬಂದರೆ, "ಕರೆಂಟು ಬರುತ್ತಿದೆ, ಪಂಪೇ ಕೆಟ್ಟಿದೆ" ಎಂದು ನಿರ್ಣಯವಾಗುತ್ತದೆ. ಈ ಲೇಖಕನ ಕಾರಿಗೆ ಇದೇ ನಿರ್ಣಯದ ಫಲವಾಗಿ ಎರಡು ಸಲ ಹೊಸ ಪಂಪು ಹಾಕಲ್ಪಟ್ಟಿತು. ಕಾರು ಎರಡು ಸಲವೂ ಮತ್ತೆ ನಿಂತಿತು. ಇದರಲ್ಲಿ ದುರಸ್ತಿಗಾರರ ಅಪ್ರಾಮಾಣಿಕತೆ ಏನೂ ಇರಲಿಲ್ಲ. ಮಾಪಕವು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಇದನ್ನು ಸ್ವಲ್ಪ ವಿವರವಾಗಿ ನೋಡೋಣ. 12 ವೋಲ್ಟುಗಳಲ್ಲಿ ಪಂಪು 6 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆಂದು ಭಾವಿಸಿದರೆ, 1827ರಲ್ಲಿ ಓಮ್ ಪ್ರಕಟಿಸಿದ ನಿಯಮದಂತೆ ಅದರ ರೋಧ 2 ಓಮ್‌ಗಳಾಗುತ್ತದೆ. (ಸುತ್ತುವ ಮೋಟಾರು ಬರಿಯ ರೋಧವಲ್ಲ, ಅದು ತನ್ನದೇ ಆದ ಪ್ರತಿಬಲವನ್ನು ಉತ್ಪಾದಿಸುತ್ತದೆ. ಆದರೂ ಸ್ಥೂಲವಾದ ಲೆಕ್ಕಕ್ಕೆ ಇಷ್ಟು ಸಾಕು.) ದಾರಿಯಲ್ಲೆಲ್ಲೋ ಕಿಲುಬು ಹಿಡಿದ ಒಂದು ಜೋಡಣೆ 1 ಓಮ್ ರೋಧವನ್ನು ಒಡ್ಡಿತೆನ್ನೋಣ. ಆಗ ಒಟ್ಟು ರೋಧ 3 ಓಮ್, ಪ್ರವಾಹ 4 ಆಂಪಿಯರ್. ಜೋಡಣೆಯಲ್ಲಿಯೇ 4 ವೋಲ್ಟುಗಳು ಕಳೆದುಹೋಗಿ ಪಂಪಿಗೆ ಉಳಿಯುವುದು 8 ಮಾತ್ರ. ಅಷ್ಟೇ ಅಲ್ಲ, ಆ ಜೋಡಣೆಯಲ್ಲಿ 16 ವಾಟ್‌ಗಳಷ್ಟು ಶಾಖ ಉತ್ಪನ್ನವಾಗುತ್ತದೆ. ಕೆಲವು ಕಾರುಗಳಲ್ಲಿ ಜೋಡಣೆಯ ಪ್ಲಾಸ್ಟಿಕ್ಕು ಕಂದಿ ಕರಗಿರುವುದಕ್ಕೆ ಇದೇ ಕಾರಣ.

ಈಗ ಪಂಪನ್ನು ಕಳಚಿ ಅದರ ಸ್ಥಾನದಲ್ಲಿ ಮಾಪಕವನ್ನು ಇಡೋಣ. ಅಂಕಿಮಾಪಕಗಳ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್‌ಗಳು. ಅದರ ಮೂಲಕ ಹರಿಯುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ಕ್ಷೀಣವಾದ ಪ್ರವಾಹಕ್ಕೆ ಒಂದು ಓಮ್ ಇರಲಿ, ಸಾವಿರ ಓಮ್ ಇರಲಿ, ಅಡ್ಡಿಯೇ ಅಲ್ಲ. ಮಾಪಕವು 12 ವೋಲ್ಟುಗಳನ್ನೇ ತೋರಿಸುತ್ತದೆ. ಎಂದರೆ, ಭಾರ ಹೊರಿಸದೆ ಮಾಡಿದ ಪರೀಕ್ಷೆಯು ತಂತಿ ಪೂರ್ತಿ ತುಂಡಾಗಿಲ್ಲವೆಂಬುದನ್ನು ಮಾತ್ರ ತಿಳಿಸಬಲ್ಲದು. ಇನ್ನೊಂದು ಅಂಶವೂ ಉಂಟು. ಕಪ್ಪು ಕಡ್ಡಿಯನ್ನು ಒಡಲಿಗೆ ಮುಟ್ಟಿಸಿದ್ದರಿಂದ ಪಂಪಿನಿಂದ ಹಿಂದಿರುಗುವ ತಂತಿಯು, ಅಂದರೆ ಮಂಡಲದ ಅರ್ಧಭಾಗವು, ಪರೀಕ್ಷೆಗೆ ಒಳಪಡಲೇ ಇಲ್ಲ.

ಆದಕಾರಣ ಪಂಪು ಓಡುತ್ತಿರುವಾಗಲೇ ಅಳೆಯಬೇಕು. ಎಂಜಿನ್ನು ನಡೆಯುತ್ತಿದ್ದರೆ ಸರಿಯೇ ಸರಿ. ಇಲ್ಲವಾದರೆ ರಿಲೇಯನ್ನು ಕಿತ್ತು, ಫ್ಯೂಸುಳ್ಳ ತಂತಿಯಿಂದ ಅದರ ಗೂಡಿನಲ್ಲಿ ಎರಡು ಕಿಂಡಿಗಳನ್ನು ಕೂಡಿಸಬೇಕು. ಜರ್ಮನ್ ಪದ್ಧತಿಯ ರಿಲೇಗಳಲ್ಲಿ ಬ್ಯಾಟರಿಯಿಂದ ಬರುವ ಕಿಂಡಿಗೆ 30 ಎಂದೂ ಪಂಪಿನ ಕಡೆಗೆ ಹೋಗುವುದಕ್ಕೆ 87 ಎಂದೂ ಅಂಕಿತವಿರುತ್ತದೆ. 85 ಮತ್ತು 86 ಸುರುಳಿಯ ತುದಿಗಳು. ಹೀಗೆ ಕೂಡಿಸಿದಾಗ ಮಾತ್ರ ಪಂಪು ಸರಾಗವಾಗಿ ಓಡಿದರೆ, ಸಂಶಯವು ರಿಲೇಯ ಮೇಲೆ, ಇಲ್ಲವೆ ಅದಕ್ಕೆ ಆಜ್ಞೆ ಕೊಡುವ ಮಂಡಲದ ಮೇಲೆ ತಿರುಗುತ್ತದೆ. ರಿಲೇ 'ಟಕ್' ಎಂದು ಸದ್ದುಮಾಡುತ್ತದಲ್ಲ ಎಂಬ ಸಮಾಧಾನ ಸಲ್ಲದು. ಆ ಸದ್ದು ಸುರುಳಿ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯೇ ಹೊರತು, ಸುಟ್ಟು ಕಪ್ಪಾದ ಸ್ಪರ್ಶಬಿಂದುಗಳ ವಿಷಯದಲ್ಲಿ ಅದು ಮೌನ. ರಿಲೇಯೊಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದೂ ಉಂಟು. ಬಿಸಿಲಿನಲ್ಲಿ ಬಿರುಕು ತೆರೆಯುತ್ತದೆ, ತಂಪಾದಾಗ ಮುಚ್ಚುತ್ತದೆ. ಮಧ್ಯಾಹ್ನ ನಿಂತ ಕಾರು ಮರುದಿನ ಬೆಳಿಗ್ಗೆ ಕಾರ್ಯಾಗಾರಕ್ಕೆ ಹೋಗುವಷ್ಟರಲ್ಲಿ ನಿರ್ದೋಷಿಯಾಗಿರುತ್ತದೆ.

ಪಂಪು ಓಡುತ್ತಿರುವಾಗ ಮಾಪಕದ ಒಂದು ಕಡ್ಡಿಯನ್ನು ಬ್ಯಾಟರಿಯ ಧನಾಗ್ರದಲ್ಲಿಯೇ ಇರಿಸಿ, ಇನ್ನೊಂದನ್ನು ಫ್ಯೂಸು, ರಿಲೇಯ ಎರಡು ಮಗ್ಗುಲು, ಕೊನೆಗೆ ಪಂಪಿನ ಜೋಡಣೆ ಎಂಬ ಕ್ರಮದಲ್ಲಿ ಮುಂದುವರಿಸುತ್ತ ಹೋಗಬೇಕು. ಜೋಡಣೆಯನ್ನು ಕಳಚದೆ ಹಿಂಬದಿಯಿಂದ ತೆಳುವಾದ ಸೂಜಿಯನ್ನು ತೂರಿಸಿದರೆ ಸಾಕು. ಆರೋಗ್ಯವಂತ ಮಂಡಲದಲ್ಲಿ ಒಟ್ಟು ನಷ್ಟ ಅರ್ಧ ವೋಲ್ಟನ್ನು ಮೀರುವುದಿಲ್ಲ. ಅಂಕಿ ಎಲ್ಲಿ ಜಿಗಿಯುವುದೋ ಅದಕ್ಕೂ ಹಿಂದಿನ ಸ್ಥಾನಕ್ಕೂ ನಡುವೆ ದೋಷವಿದೆ. ಬಳಿಕ ಋಣಾಗ್ರದಿಂದ ಹೊರಟು ಹಿಂದಿರುಗುವ ದಾರಿಯನ್ನೂ ಹೀಗೆಯೇ ನೋಡಬೇಕು, ಅಲ್ಲಿ 0.2 ವೋಲ್ಟಿಗಿಂತ ಹೆಚ್ಚಾದರೆ ಅನುಮಾನಿಸತಕ್ಕದ್ದು. ಪಂಪನ್ನು ಓಡಿಸಲಾಗದಿದ್ದಲ್ಲಿ ಅದರ ಬದಲು 21 ವಾಟ್‌ನ ದೀಪವೊಂದನ್ನು ಸೇರಿಸಬಹುದು. ಅದು ಎಳೆಯುವ ಸುಮಾರು 1.75 ಆಂಪಿಯರ್ ಪಂಪಿನ ಪ್ರವಾಹಕ್ಕಿಂತ ಕಡಮೆಯಾದರೂ ಕೆಟ್ಟ ಜೋಡಣೆಯನ್ನು ಬಯಲಿಗೆಳೆಯಲು ಸಾಕು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ತೊಟ್ಟಿಯ ಬಳಿ ಪೆಟ್ರೋಲಿನ ಆವಿ ಇರುವುದರಿಂದ ಅಲ್ಲಿ ಹರಿಯುತ್ತಿರುವ ಪ್ರವಾಹವನ್ನು ಕಡಿಯುವುದಾಗಲಿ ಕೂಡಿಸುವುದಾಗಲಿ ಕೂಡದು. ಒಂದು ಕಿಡಿ ಸಾಕು. ಕೂಡಿಸಿ ಬಿಡಿಸುವ ಕೆಲಸವೆಲ್ಲ ತೊಟ್ಟಿಯಿಂದ ದೂರವಿರುವ ರಿಲೇಯ ಪೆಟ್ಟಿಗೆಯಲ್ಲಿಯೇ ನಡೆಯಬೇಕು.

ಈ ಲೇಖಕನ ಕಾರಿನಲ್ಲಿ ಧನಾಗ್ರದ ಕಡೆಯ ನಷ್ಟ 0.3 ವೋಲ್ಟ್, ಹಿಂದಿರುಗುವ ಕಡೆಯದು 2.6. ಹಿಂದಿನ ಆಸನವನ್ನೆತ್ತಿ ನೋಡಲಾಗಿ, ಒಡಲಿಗೆ ತಂತಿಯನ್ನು ಬಿಗಿದಿದ್ದ ಬೋಲ್ಟಿನ ಕೆಳಗೆ ತುಕ್ಕು ಹಬ್ಬಿತ್ತು. ಬ್ಯಾಟರಿಯನ್ನು ಬಿಚ್ಚಿಟ್ಟು, ಉಪ್ಪುಕಾಗದದಿಂದ ಉಜ್ಜಿ ಬಿಗಿದ ಮೇಲೆ ನಷ್ಟವು 0.06ಕ್ಕೆ ಇಳಿಯಿತು. ಆ ಬಳಿಕ ಮೊದಲ ಸಲ ಕಳಚಿ ತೆಗೆದಿಟ್ಟಿದ್ದ ಹಳೆಯ ಪಂಪನ್ನೇ ಮತ್ತೆ ಕೂರಿಸಲಾಯಿತು. ಅದು ಎಂದಿನಂತೆ ಕೆಲಸಮಾಡುತ್ತಿದೆ.