ಹಸುವಿನ ಮೇವಿನಲ್ಲಿ ಜಿಡ್ಡು

ಬೇಳೆಯಿಲ್ಲದ ಸಾರು ಗೊಡ್ಡು ಸಾರು. ಹುರುಳಿಲ್ಲದ ಮಾತು ಗೊಡ್ಡು ಹರಟೆ. ಊಟದ ಎಲೆಯ ಮುಂದೆ ಹಗುರಾಗಿ ಆಡುವ ಈ ಪದ ಕೊಟ್ಟಿಗೆಯಲ್ಲಿ ಹಗುರವಲ್ಲ. ಬೆದೆಗೆ ಬಾರದ, ಬಂದರೂ ಗಬ್ಬ ನಿಲ್ಲದ ಹಸುವನ್ನು ಒಮ್ಮೆ ಗೊಡ್ಡೆಂದು ಕರೆದರೆ, ಅದು ಆ ಮನೆಯಲ್ಲಿ ಉಳಿಯುವುದು ಕಷ್ಟ. ಹಾಗೆ ತೀರ್ಪಿಗೆ ಗುರಿಯಾದವುಗಳಲ್ಲಿ ಎಷ್ಟೋ ಹಸುಗಳ ಕೊರತೆ ಬರಿಯ ಹಸಿವು.

ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ದಿನದಿನಕ್ಕೆ ಏರುತ್ತದೆ. ಮೇವು ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಆಗ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲಿಗೆ ಸುರಿಯುತ್ತದೆ. ಪ್ರಕೃತಿಯ ಲೆಕ್ಕದಲ್ಲಿ ಹುಟ್ಟಿದ ಕರುವಿಗೆ ಮೊದಲ ಪಾಲು, ಹುಟ್ಟಬೇಕಾದ ಕರುವಿಗೆ ಕಡೆಯ ಪಾಲು. ಮೆದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಹಾರ್ಮೋನುಗಳು ಕುಂದುತ್ತವೆ. ಬೆದೆ ಮುಂದಕ್ಕೆ ಹೋಗುತ್ತದೆ. ಒಂದು ಬೆದೆ ತಪ್ಪಿದರೆ ಇನ್ನೊಂದಕ್ಕೆ ಸುಮಾರು 21 ದಿನ ಕಾಯಬೇಕು.

ತೂಕಕ್ಕೆ ತೂಕ ಹಿಡಿದರೆ ಜಿಡ್ಡಿನಲ್ಲಿ ಪಿಷ್ಟಕ್ಕಿಂತ ಎರಡೂಕಾಲು ಪಟ್ಟು ಶಕ್ತಿಯಿದೆ. ಆದರೆ ಅದನ್ನು ಬರಿಯ ಸೌದೆಯೆಂದು ತಿಳಿಯಲಾಗದು. ಗರ್ಭವನ್ನು ಕಾಯುವ ಪ್ರೊಜೆಸ್ಟರೋನ್ ಹಾರ್ಮೋನು ಸಿದ್ಧವಾಗುವುದು ಕೊಲೆಸ್ಟರಾಲಿನಿಂದ. ಜಿಡ್ಡಿನ ಮೇವು ತಿಂದ ಹಸುವಿನ ರಕ್ತದಲ್ಲಿ ಅದು ಏರುತ್ತದೆ. ನಾವು ಆ ಹೆಸರಿಗೇ ಬೆಚ್ಚುತ್ತೇವೆ. ಹಸುವಿಗೆ ಅದು ಬಸುರಿನ ಬಂಡವಾಳ.

ಎಣ್ಣೆಯಿಂದ ಎಣ್ಣೆಗೆ ಗುಣ ಬೇರೆ. ಹತ್ತಿಕಾಳಿನಲ್ಲಿ ಹೆಚ್ಚಾಗಿರುವ ಲಿನೋಲಿಯಿಕ್ ಆಮ್ಲದಿಂದ ದೇಹವು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಕಟ್ಟಿಕೊಳ್ಳುತ್ತದೆ. ಈದ ಹಸುವಿನ ಗರ್ಭಕೋಶ ಶುಚಿಯಾಗಿ ಮೊದಲಿನ ಗಾತ್ರಕ್ಕೆ ಮರಳಲು ಇದು ನೆರವಾಗುತ್ತದೆ. ಮುಂದೆ ಗರ್ಭ ಕಟ್ಟಿದ 16-17ನೆಯ ದಿನದ ಸುಮಾರಿಗೆ ಅದೇ ವಸ್ತು ಶತ್ರುವಾಗುತ್ತದೆ. ಆ ಹೊತ್ತಿಗೆ ಎಳೆಯ ಪಿಂಡವು ತಾನಿದ್ದೇನೆಂದು ತಾಯಿಗೆ ರಾಸಾಯನಿಕ ಸಂದೇಶ ಕಳಿಸಿ ಪ್ರೊಸ್ಟಾಗ್ಲಾಂಡಿನ್ ಹೊಮ್ಮದಂತೆ ತಡೆಯಬೇಕು. ತಡೆಯಲಾಗದಿದ್ದರೆ ಪ್ರೊಜೆಸ್ಟರೋನಿನ ನೆಲೆಯೇ ಕರಗಿ, ಪಿಂಡ ಅಳಿಯುತ್ತದೆ. ಹಸು ಮತ್ತೆ ಬೆದೆಗೆ ಬರುತ್ತದೆ. ಗಬ್ಬವೇ ಕಟ್ಟಿರಲಿಲ್ಲವೆಂದು ನಾವು ತಿಳಿಯುತ್ತೇವೆ. ಅಗಸೆಯಲ್ಲೂ ಮೀನೆಣ್ಣೆಯಲ್ಲೂ ಇರುವ ಒಮೇಗಾ-3 ಬಗೆಯ ಜಿಡ್ಡು ಈ ಗಳಿಗೆಯಲ್ಲಿ ಪಿಂಡದ ಪರವಾಗಿ ನಿಲ್ಲುತ್ತದೆ. ಪ್ರಯೋಗಗಳೆಲ್ಲ ಒಂದೇ ಫಲ ಕೊಟ್ಟಿಲ್ಲವೆಂಬುದನ್ನೂ ಹೇಳಬೇಕು.

ಹಾಗೆಂದು ಕಲಗಚ್ಚಿನ ಬಾನಿಗೆ ಎಣ್ಣೆ ಸುರಿಯುವುದು ಅವಿವೇಕ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಹುಲ್ಲಿನ ನಾರನ್ನು ಜೀರ್ಣಿಸಿಕೊಡುವವು ಸೂಕ್ಷ್ಮಜೀವಿಗಳು. ಎಣ್ಣೆ ಹೆಚ್ಚಾದರೆ ಅವು ಕುಗ್ಗಿ, ಹೊಟ್ಟೆ ತುಂಬಿದ ಹಸು ಉಪವಾಸ ಬೀಳುತ್ತದೆ. ನೀರಿನಂಶ ಕಳೆದು ಲೆಕ್ಕ ಹಾಕಿದಾಗ ಒಟ್ಟು ಮೇವಿನಲ್ಲಿ ಜಿಡ್ಡು ಶೇಕಡ 6-7ನ್ನು ಮೀರಬಾರದು. ಸಾಲದ್ದಕ್ಕೆ ಈ ಜೀವಿಗಳು ಅಗಸೆಯಂಥ ಎಣ್ಣೆಯ ಬಹುಭಾಗವನ್ನು ಗಟ್ಟಿ ಕೊಬ್ಬಾಗಿ ಮಾರ್ಪಡಿಸಿಬಿಡುತ್ತವೆ. 1980ರ ದಶಕದಲ್ಲಿ ಅಮೆರಿಕದ ಒಹಾಯೋದ ಪಾಮ್‌ಕ್ವಿಸ್ಟ್ ಮತ್ತು ಜೆಂಕಿನ್ಸ್ ಒಂದು ದಾರಿಯನ್ನು ಪರೀಕ್ಷಿಸಿ ತೋರಿಸಿದರು: ಕೊಬ್ಬಿನ ಆಮ್ಲವನ್ನು ಸುಣ್ಣದಂಶದೊಡನೆ ಕೂಡಿಸಿ ಸಾಬೂನಿನಂಥ ವಸ್ತು ಮಾಡುವುದು. ಅದು ಮೊದಲ ಹೊಟ್ಟೆಯನ್ನು ಬಹುಪಾಲು ಹಾಗೆಯೇ ದಾಟಿ, ಆಮ್ಲವಿರುವ ನಾಲ್ಕನೆಯದರಲ್ಲಿ ಬಿಚ್ಚಿಕೊಳ್ಳುತ್ತದೆ. ಬೈಪಾಸ್ ಫ್ಯಾಟ್ ಎಂಬ ಹೆಸರಿನ ಈ ಪುಡಿ ಈಗ ನಮ್ಮಲ್ಲೂ ಸಿಗುತ್ತದೆ. ಹೆಚ್ಚು ಹಾಲಿನ ಹಸುವಿಗೆ ದಿನಕ್ಕೆ 100ರಿಂದ 200 ಗ್ರಾಂ ಇಡುವುದುಂಟು. ಅದು ಹೆಚ್ಚಾಗಿ ತಾಳೆಯೆಣ್ಣೆಯದು. ಅದರಿಂದ ಶಕ್ತಿಯನ್ನು ಬಯಸಬಹುದು, ಅಗಸೆಯ ಗುಣವನ್ನಲ್ಲ.

ಗಾಣದ ಹಿಂಡಿಯಲ್ಲಿ ಒಂದಿಷ್ಟು ಎಣ್ಣೆ ಉಳಿಯುತ್ತಿತ್ತು. ದ್ರಾವಕ ಹಾಕಿ ಎಣ್ಣೆ ಹೀರುವ ಕಾರ್ಖಾನೆಗಳ ಹಿಂಡಿಯಲ್ಲಿ ಉಳಿಯುವುದು ಶೇಕಡ 1ರ ಆಸುಪಾಸು. ಹೀಗಿರುವಾಗ ಉತ್ತರ ಕರ್ನಾಟಕದ ರೈತರು ಹತ್ತಿಕಾಳನ್ನು ಬಿಡದಿರುವುದು ವಿವೇಕವೇ ಸರಿ: ಅದರಲ್ಲಿ ಶೇಕಡ 18-20ರಷ್ಟು ಎಣ್ಣೆಯಿದೆ, ಇಡಿಯಾಗಿ ಇಟ್ಟರೆ ಸಿಪ್ಪೆಯೊಳಗಿಂದ ಮೆಲ್ಲಗೆ ಹೊರಬರುತ್ತದೆ. ಆದರೆ ಬೀಜದ ಹೋರಿಗೂ ಎಳೆಗರುವಿಗೂ ಅದನ್ನು ಇಡಬಾರದು. ಅದರಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ಹೋರಿಯ ವೀರ್ಯವನ್ನು ಕೆಡಿಸುತ್ತದೆ. ಕರುವಿನ ಮೊದಲ ಹೊಟ್ಟೆ ಇನ್ನೂ ಬಲಿತಿರುವುದಿಲ್ಲವಾಗಿ, ಅದಕ್ಕೆ ಆ ವಿಷವನ್ನು ತಡೆದುಕೊಳ್ಳುವ ಶಕ್ತಿಯಿಲ್ಲ.