ಮನೆ ಬದಲಾದ ಸಾಕುಗಿಳಿಗೆ ಕಲಿಕೆ ನೀಡುವ ಕುರಿತು ಮಾಹಿತಿ

ಗಿಳಿಯನ್ನು ಸಾಕಿ ಅದಕ್ಕೆ ಮಾತು ಹಾಗೂ ಆಟಗಳನ್ನು ಕಲಿಸುವ ಹವ್ಯಾಸವು ನಾಡಿನ ಇತರೆಡೆಗಳಂತೆ ಕೊಪ್ಪಳ ಜಿಲ್ಲೆಯಲ್ಲಿಯೂ ಹಳೆಯದು. ಇತ್ತೀಚಿನ ವರ್ಷಗಳಲ್ಲಿ ವಿದೇಶಿ ಮೂಲದ ಗಿಳಿಗಳು ಪಟ್ಟಣದ ಮನೆಗಳಿಗೆ ಬಂದಿವೆ. ಅವುಗಳೊಂದಿಗೆ ಹೊಸದೊಂದು ಸಂದರ್ಭವೂ ಬಂದಿದೆ. ಸಾಕಿದವರಿಗೆ ಬೇರೆ ಊರಿಗೆ ವರ್ಗಾವಣೆಯಾಗುತ್ತದೆ, ಮಕ್ಕಳು ಓದಿಗೆಂದು ಹೊರಡುತ್ತಾರೆ, ಅಥವಾ ಹಕ್ಕಿಯ ಕೂಗು ನೆರೆಯವರಿಗೆ ಸಹನೆಯಾಗುವುದಿಲ್ಲ. ಆಗ ಗಿಳಿಯು ಪಂಜರ ಸಮೇತ ಮತ್ತೊಬ್ಬರ ಮನೆ ಸೇರುತ್ತದೆ. ಇದಕ್ಕೆ ಆಯುಷ್ಯದ ಲೆಕ್ಕವೇ ಬಹುಮಟ್ಟಿಗೆ ಕಾರಣವಾಗಿದೆ. ಕಾಕಟೀಲ್ ಪಕ್ಷಿಯು ಉತ್ತಮ ಪಾಲನೆಯಲ್ಲಿ 15ರಿಂದ 20 ವರ್ಷ ಬದುಕುತ್ತದೆ. ಆಫ್ರಿಕಾದ ಬೂದು ಗಿಳಿಯು 40 ವರ್ಷ ದಾಟುವುದುಂಟು. ಕೊಳ್ಳುವ ದಿನ ಈ ಲೆಕ್ಕ ಹಾಕುವವರು ಕಡಿಮೆ.

ಹೀಗೆ ಬಂದ ಗಿಳಿಯ ಕುರಿತು ಹೊಸ ಮನೆಯವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಹಿಂದಿನ ಮನೆಯಲ್ಲಿ ಮಾತನಾಡುತ್ತಿತ್ತಂತೆ, ಕೈಮೇಲೆ ಕೂರುತ್ತಿತ್ತಂತೆ, ಇಲ್ಲಿ ಏಕೆ ಮೂಲೆ ಸೇರಿ ಕಚ್ಚಲು ಬರುತ್ತಿದೆ? ಈ ಪ್ರಶ್ನೆಗೆ ಉತ್ತರ ನೀಡುವ ಮುನ್ನ ಮತ್ತೊಂದು ವಿಷಯವನ್ನು ಇತ್ಯರ್ಥಪಡಿಸಿಕೊಳ್ಳುವುದು ಅಗತ್ಯ.

ಬಂದದ್ದು ಯಾವ ಗಿಳಿ?

ಜಿಲ್ಲೆಯ ಜೋಳ, ಸೂರ್ಯಕಾಂತಿ ಹೊಲಗಳ ಮೇಲೆ ಹಿಂಡುಹಿಂಡಾಗಿ ಇಳಿಯುವ, ಹಸಿರು ಮೈ ಮತ್ತು ಕೆಂಪು ಕೊಕ್ಕಿನ, ಗಂಡಿಗೆ ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿಯಿರುವ ಗಿಳಿಯು ವನ್ಯಜೀವಿಯಾಗಿದೆ. ಹೆಗಲ ಮೇಲೆ ಕೆಂಗಂದು ಮಚ್ಚೆಯಿರುವ ದೊಡ್ಡ ಗಿಳಿಯೂ ಅಂತೆಯೇ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅಡಿಯಲ್ಲಿ ಇವು ಸಂರಕ್ಷಿತ ಪಕ್ಷಿಗಳು. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರಂತೆ ಇವು ಅನುಸೂಚಿ 2ರಲ್ಲಿ ಸೇರಿವೆ. ಇವುಗಳನ್ನು ಹಿಡಿಯುವುದು, ಗೂಡಿನಿಂದ ಮರಿ ತೆಗೆಯುವುದು, ಮಾರುವುದು, ಕೊಳ್ಳುವುದು ಹಾಗೂ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಾಗಿದ್ದು, ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ದುಡ್ಡು ಕೊಟ್ಟು ಕೊಂಡಿಲ್ಲ, ಸಂಬಂಧಿಕರು ಸುಮ್ಮನೆ ಕೊಟ್ಟರು ಎಂಬ ಸಮಜಾಯಿಷಿಯಿಂದ ಸ್ಥಿತಿ ಬದಲಾಗುವುದಿಲ್ಲ.

ಜಾತ್ರೆ, ಸಂತೆಗಳಲ್ಲಿ ಕಂಡುಬರುವ ಗಿಣಿಶಾಸ್ತ್ರದ ಗಿಳಿಗಳೂ ಇದೇ ಜಾತಿಯವು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ 2024ರ ಏಪ್ರಿಲ್‌ನಲ್ಲಿ, ಚುನಾವಣಾ ಅಭ್ಯರ್ಥಿಯೊಬ್ಬರ ಗೆಲುವನ್ನು ಗಿಳಿಯಿಂದ ಹೇಳಿಸಿದ ನಂತರ, ಅಲ್ಲಿನ ಅರಣ್ಯ ಇಲಾಖೆಯು ಕ್ರಮ ಜರುಗಿಸಿ ಗಿಳಿಗಳನ್ನು ವಶಪಡಿಸಿಕೊಂಡಿತು. ಪಂಜರದ ಬಾಗಿಲು ತೆರೆದಾಗ ಹೊರಬರುವುದು, ಚೀಟಿಯೊಂದನ್ನು ಕೊಕ್ಕಿನಿಂದ ಎಳೆಯುವುದು, ಕಾಳು ಪಡೆದು ಒಳಹೋಗುವುದು ಎಂಬ ಮೂರು ಹೆಜ್ಜೆಗಳ ಕಲಿಕೆ ಅದರಲ್ಲಿದೆಯೇ ಹೊರತು ಭವಿಷ್ಯದ ಜ್ಞಾನವಿಲ್ಲ. ಆದರೆ ಕಾಳಿಗೆ ಪ್ರತಿಯಾಗಿ ಕೆಲಸ ಎಂಬ ಆ ತತ್ತ್ವವು ಮುಂದೆ ವಿವರಿಸುವ ಎಲ್ಲ ಕಲಿಕೆಗೂ ಆಧಾರವೆಂಬುದು ನಿಜ.

ಮನೆಗೆ ಬಂದದ್ದು ನಾಡಗಿಳಿಯಾಗಿದ್ದಲ್ಲಿ ಅದಕ್ಕೆ ಆಟ ಕಲಿಸುವ ಮಾತು ಅಲ್ಲಿಗೆ ಮುಗಿಯಿತು. ಹಾಗೆಂದು ಮಾಳಿಗೆಯ ಮೇಲೆ ನಿಂತು ಹಾರಿಬಿಡುವುದು ದಯೆಯ ಕೆಲಸವಲ್ಲ. ಮರಿಯಿಂದ ಕೈತುತ್ತು ತಿಂದು ಬೆಳೆದ ಹಕ್ಕಿಗೆ ಆಹಾರ ಹುಡುಕುವುದೂ ಗೊತ್ತಿಲ್ಲ, ಬೆಕ್ಕು, ಗಿಡುಗಗಳ ಭಯವೂ ಗೊತ್ತಿಲ್ಲ. ರೆಕ್ಕೆ ಕತ್ತರಿಸಿದ್ದರಂತೂ ಅದು ಎರಡನೇ ದಿನ ಬದುಕುವುದೇ ಅನುಮಾನ. ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ವಿಷಯ ತಿಳಿಸಿ ಅವರ ಮೂಲಕ ಹಸ್ತಾಂತರಿಸುವುದೇ ಸರಿಯಾದ ಮಾರ್ಗ.

ವಿದೇಶಿ ಗಿಳಿಗಳ ಪೈಕಿ ಬಜರಿಗಾರ್ (ಅಂಗಡಿಗಳಲ್ಲಿ ಇದನ್ನೇ ‘ಲವ್ ಬರ್ಡ್ಸ್’ ಎಂದು ಮಾರುತ್ತಾರೆ) ಮತ್ತು ಕಾಕಟೀಲ್ ಪಕ್ಷಿಗಳಿಗೆ ನೋಂದಣಿಯ ಅಗತ್ಯವಿಲ್ಲ. ಆಫ್ರಿಕಾದ ಬೂದು ಗಿಳಿ, ಮಕಾವ್, ಕಾಕಟೂ, ಸನ್ ಕನ್ಯೂರ್ ಮುಂತಾದವು ಅಧಿನಿಯಮದ ಅನುಸೂಚಿ 4ರಲ್ಲಿವೆ. 2024ರ ಫೆಬ್ರವರಿಯಲ್ಲಿ ಅಧಿಸೂಚಿಸಲಾದ ನಿಯಮಗಳಂತೆ ಇವುಗಳನ್ನು ಹೊಂದಿರುವವರು ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸತಕ್ಕದ್ದು. ಒಡೆತನ ಬದಲಾದಾಗಲೂ ಅದನ್ನು ದಾಖಲಿಸಬೇಕಾಗುತ್ತದೆ. ಆದುದರಿಂದ ಪಂಜರದೊಂದಿಗೆ ಕಾಗದಪತ್ರಗಳನ್ನೂ ಕೇಳಿ ಪಡೆಯುವುದು ಒಳ್ಳೆಯದು. ಸ್ನೇಹದ ಮೇಲೆ ಕೊಡುವಾಗ ಕಾಗದ ಕೇಳುವುದಕ್ಕೆ ಅನೇಕರು ಸಂಕೋಚಪಡುತ್ತಾರೆ. ಈ ಸಂಕೋಚ ಬೇಡ.

ಹಿಂದಿನ ಮನೆಯಿಂದ ಕೇಳಬೇಕಾದದ್ದು

ಗಿಳಿಯು ಹೊಸ ಮನೆಗೆ ಖಾಲಿ ಹಲಗೆಯಾಗಿ ಬರುವುದಿಲ್ಲ. ಅದರ ಹೆಸರೇನು, ಯಾವ ಮಾತಿಗೆ ಕೈಯೇರುತ್ತಿತ್ತು, ಏನು ತಿನ್ನುತ್ತಿತ್ತು, ಎಷ್ಟು ಗಂಟೆಗೆ ಮಲಗುತ್ತಿತ್ತು, ಯಾವುದಕ್ಕೆ ಹೆದರುತ್ತಿತ್ತು ಎಂಬುದನ್ನು ಬರೆದುಕೊಳ್ಳಬೇಕು. ಹೈದರಾಬಾದಿನ ಮನೆಯೊಂದರಲ್ಲಿ ಬೆಳೆದ ಗಿಳಿಗೆ ‘ಬಾ’ ಎಂದರೆ ಏನೂ ಅರ್ಥವಾಗದೆ ‘ಆವೋ’ ಎಂದರೆ ಮಾತ್ರ ಕಾಲೆತ್ತುವ ಅಭ್ಯಾಸವಿರಬಹುದು. ಮೊದಲ ತಿಂಗಳು ಹಳೆಯ ಮಾತುಗಳನ್ನೇ ಬಳಸಿ, ನಂತರ ಹಳೆಯ ಮಾತಿನ ಮುಂದೆ ಕನ್ನಡದ ಮಾತನ್ನು ಸೇರಿಸಿ ಹೇಳುತ್ತಾ ಹೋದರೆ ಹಕ್ಕಿಯು ತಾನಾಗಿ ಬದಲಾವಣೆಗೆ ಒಗ್ಗುತ್ತದೆ. ಹೆಸರನ್ನು ಬದಲಿಸದಿರುವುದೇ ಲೇಸು.

ಪಂಜರ ಹಾಗೂ ಆಹಾರವೂ ಕೆಲಕಾಲ ಹಳೆಯವೇ ಆಗಿರಲಿ. ಪಂಜರದ ಒಂದು ಬದಿ ಗೋಡೆಗೆ ಆನಿಕೊಂಡಿರಬೇಕು. ನಾಲ್ಕೂ ಕಡೆ ಬಯಲಾದರೆ ಹಕ್ಕಿಗೆ ಬೆನ್ನಿನ ಭಯ ಹೋಗುವುದಿಲ್ಲ. ರಾತ್ರಿ 10ರಿಂದ 12 ಗಂಟೆಗಳ ಕತ್ತಲೆ ಹಾಗೂ ನಿಶ್ಶಬ್ದ ಅಗತ್ಯವಾದ್ದರಿಂದ ಟಿವಿ ಇರುವ ಪಡಸಾಲೆ ಸೂಕ್ತ ಸ್ಥಳವಲ್ಲ. ಅಡುಗೆಮನೆಯಂತೂ ಸರ್ವಥಾ ಬೇಡ. ಅಂಟದ ಲೇಪನವಿರುವ ತವೆ ಅತಿಯಾಗಿ ಕಾದಾಗ ಹೊರಡುವ ಹೊಗೆಯು ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು.

ಮೊದಲ ಒಂದೆರಡು ವಾರ ಕಲಿಸುವ ಪ್ರಯತ್ನವನ್ನೇ ಮಾಡಬಾರದು. ನೆರೆಮನೆಯ ಮಕ್ಕಳನ್ನೆಲ್ಲ ಕರೆದು ತೋರಿಸುವುದೂ ಬೇಡ. ಪಂಜರದ ಬಳಿ ಕುಳಿತು ಪತ್ರಿಕೆ ಓದುವುದು, ತರಕಾರಿ ಹೆಚ್ಚುವುದು, ಮೆಲ್ಲನೆ ಮಾತನಾಡುವುದು, ಹಾದುಹೋಗುವಾಗ ಬಟ್ಟಲಿಗೆ ಒಂದು ತುಣುಕು ತಿನಿಸು ಹಾಕಿ ಮುಂದೆ ನಡೆಯುವುದು, ಇಷ್ಟು ಸಾಕು. ಗರಿಗಳನ್ನು ಮೈಗೆ ಅಂಟಿಸಿಕೊಂಡು ನೀಳವಾಗಿ ನಿಲ್ಲುವುದು, ಬುಸುಗುಡುವುದು, ಕಣ್ಣಿನ ಪಾಪೆಯನ್ನು ಥಟ್ಟನೆ ಕಿರಿದು-ಹಿರಿದು ಮಾಡುವುದು ಭಯ ಅಥವಾ ಉದ್ರೇಕದ ಲಕ್ಷಣಗಳು. ಅಂತಹ ಹೊತ್ತಿನಲ್ಲಿ ಕೈ ಒಡ್ಡಿ ಕಚ್ಚಿಸಿಕೊಂಡರೆ ಅದು ಹಕ್ಕಿಯ ತಪ್ಪಲ್ಲ. ಜನರೆದುರು ಗರಿ ಸಡಿಲಿಸಿ ಕೊಕ್ಕಿನಿಂದ ಮೈ ತಿದ್ದಿಕೊಳ್ಳತೊಡಗಿದಾಗ ಕಲಿಕೆಗೆ ಕಾಲ ಬಂದಿದೆ ಎಂದು ತಿಳಿಯಬಹುದು.

ಕಲಿಸುವ ಕ್ರಮ

ಮೊದಲು ಹಕ್ಕಿಗೆ ಅತಿ ಪ್ರಿಯವಾದ ತಿನಿಸು ಯಾವುದೆಂದು ಕಂಡುಕೊಳ್ಳಬೇಕು. ಬಟ್ಟಲಿನಲ್ಲಿ ನಾಲ್ಕೈದು ಬಗೆ ಇಟ್ಟಾಗ ಮೊದಲು ಎತ್ತಿಕೊಳ್ಳುವುದು ಯಾವುದೋ ಅದು. ಹೆಚ್ಚಿನ ಗಿಳಿಗಳಿಗೆ ಅದು ಸೂರ್ಯಕಾಂತಿ ಬೀಜವಾಗಿರುತ್ತದೆ. ಅದರಲ್ಲಿ ಕೊಬ್ಬಿನಂಶ ಅಧಿಕವಿರುವುದರಿಂದ ದಿನದ ಆಹಾರದಲ್ಲಿ ಅದನ್ನು ತೆಗೆದುಹಾಕಿ, ಕಲಿಕೆಯ ಸಮಯಕ್ಕೆಂದೇ ಕಾದಿರಿಸಿದರೆ ಆರೋಗ್ಯಕ್ಕೂ ಹಿತ, ಬೀಜಕ್ಕೂ ಬೆಲೆ. ಸದಾ ಸಿಗುವ ವಸ್ತುವಿಗೆ ಯಾರೂ ದುಡಿಯುವುದಿಲ್ಲ. ಆದರೆ ಹಸಿವಿನಿಂದ ಬಳಲಿಸಿ ಕಲಿಸುವುದು ಕ್ರೌರ್ಯವಾಗುತ್ತದೆ. ಬೆಳಗಿನ ಆಹಾರಕ್ಕೆ ಸ್ವಲ್ಪ ಮುಂಚಿನ ಸಮಯ ಆಯ್ದುಕೊಂಡರೆ ಸಾಕು. ಪಾಠವು ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಬಾರಿ ಮೀರದಿರಲಿ.

ಎಲ್ಲ ಆಟಗಳಿಗೂ ತಳಹದಿ ಕೋಲು ಮುಟ್ಟುವ ಪಾಠ. ಊಟದ ಕಡ್ಡಿಯಷ್ಟು ಉದ್ದದ, ಬಣ್ಣ ಹಚ್ಚದ ಕೋಲೊಂದನ್ನು ಪಂಜರದ ಸರಳಿನ ಹೊರಗೆ ಹಿಡಿಯಬೇಕು. ಹಕ್ಕಿಯು ಕುತೂಹಲದಿಂದ ಅದನ್ನು ಕೊಕ್ಕಿನಿಂದ ಮುಟ್ಟಿದ ಕ್ಷಣದಲ್ಲೇ ‘ಶಾಬಾಸ್’ ಎಂಬಂತಹ ಒಂದು ಚಿಕ್ಕ ಮಾತು ಹೇಳಿ ಬೀಜ ಕೊಡಬೇಕು. ಆ ಮಾತು ಸದಾ ಒಂದೇ ಆಗಿರಬೇಕು ಹಾಗೂ ಮುಟ್ಟಿದ ಮರುಕ್ಷಣವೇ ಬರಬೇಕು. ಎರಡು ಮೂರು ಕ್ಷಣ ತಡವಾದರೆ ಹಕ್ಕಿಯು ಅಷ್ಟರಲ್ಲಿ ಮಾಡಿದ ಬೇರೆ ಕೆಲಸಕ್ಕೆ ಬಹುಮಾನ ಜಮಾ ಆಗುತ್ತದೆ. ಕೋಲು ಮುಟ್ಟಲು ಕಲಿತ ಗಿಳಿಯನ್ನು ಕೋಲಿನ ಹಿಂದೆಯೇ ನಡೆಸಬಹುದು. ಕೋಲನ್ನು ಸುತ್ತಲೂ ಒಯ್ದರೆ ಗಿಳಿ ತಿರುಗುತ್ತದೆ. ಮುಂಗೈಯ ಆಚೆ ಹಿಡಿದರೆ ಕೋಲನ್ನು ಮುಟ್ಟಲು ತಾನಾಗಿಯೇ ಕೈಯೇರುತ್ತದೆ. ಹಿಂದೆ ಯಾರೋ ಒರಟಾಗಿ ಹಿಡಿದದ್ದರಿಂದ ಕೈಗೆ ಹೆದರುವ ಹಕ್ಕಿಗೆ ಇದಕ್ಕಿಂತ ಸೌಮ್ಯವಾದ ದಾರಿ ಕಾಣದು. ಕೈಗೆ ಬಾರದಿದ್ದರೆ ಇಲ್ಲ ಎನ್ನುವ ಅವಕಾಶ ಅದಕ್ಕೆ ಉಳಿದಿರುತ್ತದೆ, ಬಹುಶಃ ಅದರಿಂದಲೇ ಅದು ಬರುತ್ತದೆ.

ಬಳೆಯನ್ನು ಗೂಟಕ್ಕೆ ಹಾಕುವುದು, ಮುಚ್ಚಳ ತೆರೆಯುವುದು, ಚೆಂಡು ಉರುಳಿಸುವುದು ಮುಂತಾದ ಆಟಗಳನ್ನು ಹಿಂದಿನಿಂದ ಮುಂದಕ್ಕೆ ಚಿಕ್ಕ ಹೆಜ್ಜೆಗಳಾಗಿ ಒಡೆಯಬೇಕು. ಬಳೆಯಾಟದಲ್ಲಿ ಮೊದಲು ಬಳೆಯನ್ನು ಗೂಟದ ಮೇಲೆಯೇ ಹಿಡಿದು ಬಿಡಿಸುವುದು, ನಂತರ ಒಂದು ಅಂಗುಲ ದೂರದಿಂದ, ಕಡೆಗೆ ಮೇಜಿನ ಆ ತುದಿಯಿಂದ. ಒಂದು ಹೆಜ್ಜೆಯಲ್ಲಿ ತಪ್ಪಿದರೆ ಹಿಂದಿನ ಹೆಜ್ಜೆಗೆ ಮರಳಬೇಕು. ನಾಣ್ಯಗಳನ್ನು ಬಳಸುವುದು ರೂಢಿಯಲ್ಲಿದ್ದರೂ ಲೋಹದ ಅಂಶ ಹಕ್ಕಿಯ ಹೊಟ್ಟೆ ಸೇರಿದರೆ ವಿಷವಾಗುವ ಕಾರಣ ಮರದ ಬಿಲ್ಲೆಗಳೇ ಉತ್ತಮ. ಗದರಿಸುವುದು, ಕೊಕ್ಕಿನ ಮೇಲೆ ತಟ್ಟುವುದು, ಪಂಜರ ಅಲುಗಿಸುವುದು ಯಾವ ಸಂದರ್ಭದಲ್ಲೂ ಕೂಡದು. ಕಚ್ಚಿದಾಗ ಕಿರುಚಿದರೆ ಕೆಲವು ಗಿಳಿಗಳಿಗೆ ಅದೇ ಒಂದು ಮೋಜಾಗಿ ಪರಿಣಮಿಸುತ್ತದೆ. ಸದ್ದಿಲ್ಲದೆ ಹಕ್ಕಿಯನ್ನು ಅಡ್ಡಕೋಲಿನ ಮೇಲೆ ಇಳಿಸಿ ಒಂದು ನಿಮಿಷ ಬೇರೆಡೆ ತಿರುಗಿದರೆ ಸಾಕಾಗುತ್ತದೆ.

ಮಾತಿನ ವಿಷಯ

ಗಿಳಿಗೆ ಮನುಷ್ಯರಂತಹ ಧ್ವನಿತಂತುಗಳಿಲ್ಲ. ಶ್ವಾಸನಾಳವು ಕವಲೊಡೆಯುವ ಸ್ಥಳದಲ್ಲಿರುವ ಅಂಗವೊಂದರಿಂದ ಅದು ಧ್ವನಿ ಹೊರಡಿಸಿ, ನಾಲಿಗೆಯಿಂದ ತಿದ್ದುತ್ತದೆ. ಹಿಂಡಿನವರ ಕೂಗನ್ನು ಕಲಿತು ಹಿಂಡಿಗೆ ಸೇರುವುದು ಅದರ ಸ್ವಭಾವ; ಮನೆಯಲ್ಲಿ ಹಿಂಡು ಎಂದರೆ ಮನೆಯವರು. ಆದ್ದರಿಂದಲೇ ಹೊಸ ಮನೆಗೆ ಬಂದ ಗಿಳಿಯು ತಿಂಗಳುಗಟ್ಟಲೆ ಮೌನವಾಗಿರುವುದು ಅಸಹಜವಲ್ಲ. ಈ ಮನೆಯವರು ತನ್ನ ಹಿಂಡೇ ಎಂಬುದು ಅದಕ್ಕಿನ್ನೂ ಖಚಿತವಾಗಿರುವುದಿಲ್ಲ.

ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಅಂಗಡಿಯೊಂದರಿಂದ ಕೊಂಡುತಂದ ‘ಅಲೆಕ್ಸ್’ ಎಂಬ ಬೂದು ಗಿಳಿಯು 2007ರಲ್ಲಿ ಸಾಯುವ ವೇಳೆಗೆ ನೂರಕ್ಕೂ ಹೆಚ್ಚು ಪದಗಳನ್ನು ಕಲಿತಿತ್ತು. ಬಣ್ಣ, ಆಕಾರಗಳನ್ನು ಗುರುತಿಸಿ ಹೇಳುತ್ತಿತ್ತು. ಅದಕ್ಕೆ ಕಲಿಸಿದ ವಿಧಾನ ಸರಳವಾಗಿದ್ದು ಯಾವ ಮನೆಯಲ್ಲೂ ಅನುಸರಿಸಬಹುದಾಗಿದೆ. ಗಿಳಿಯೆದುರು ಇಬ್ಬರು ಕುಳಿತು, ಒಬ್ಬರು ವಸ್ತುವನ್ನು ತೋರಿಸಿ ಹೆಸರು ಕೇಳುವುದು, ಮತ್ತೊಬ್ಬರು ಸರಿಯಾಗಿ ಹೇಳಿ ಆ ವಸ್ತುವನ್ನೇ ಪಡೆಯುವುದು. ನೋಡುತ್ತಿರುವ ಗಿಳಿಗೆ ಪೈಪೋಟಿ ಹುಟ್ಟುತ್ತದೆ. ಪೇರಲ ಹಣ್ಣಿನ ತುಂಡು ಕೈಯಲ್ಲಿ ಹಿಡಿದು ‘ಪೇರಲ’ ಎನ್ನುವುದಕ್ಕೂ, ಖಾಲಿ ಕೈಯಲ್ಲಿ ದಿನವಿಡೀ ‘ಮಾತಾಡು, ಮಾತಾಡು’ ಎಂದು ಪೀಡಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಎರಡನೆಯದರಿಂದ ಗಿಳಿ ಕಲಿತರೂ ಕಲಿಯುವುದು ‘ಮಾತಾಡು’ ಎಂಬ ಮಾತನ್ನು ಮಾತ್ರ. ಕಾಕಟೀಲ್‌ಗಳು ಪದಕ್ಕಿಂತ ಸಿಳ್ಳೆಯನ್ನು ಬೇಗ ಹಿಡಿಯುತ್ತವೆ, ಅದರಲ್ಲೂ ಗಂಡು. ಎಂದೂ ಮಾತನಾಡದ ಗಿಳಿಗಳೂ ಇವೆ.

ಕರೆದಾಗ ಬರುವುದು

ಮನರಂಜನೆಯ ಆಟಗಳಿಗಿಂತ ಹೆಚ್ಚು ಉಪಯುಕ್ತವಾದ ಪಾಠ ಇದು. 2022ರ ಜುಲೈನಲ್ಲಿ ತುಮಕೂರಿನ ಕುಟುಂಬವೊಂದು ಕಾಣೆಯಾದ ತಮ್ಮ ಬೂದು ಗಿಳಿಯನ್ನು ಹುಡುಕಿಕೊಟ್ಟವರಿಗೆ 50,000 ರೂಪಾಯಿ ಘೋಷಿಸಿ ಊರೆಲ್ಲ ಭಿತ್ತಿಪತ್ರ ಹಚ್ಚಿತ್ತು. ಸಿಕ್ಕಾಗ ಸಂತೋಷದಿಂದ 85,000 ರೂಪಾಯಿ ನೀಡಿದ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಎಲ್ಲ ಹಕ್ಕಿಗಳಿಗೂ ಅಂತಹ ಅದೃಷ್ಟವಿರುವುದಿಲ್ಲ. ಹಿಂದಿನವರು ರೆಕ್ಕೆ ಕತ್ತರಿಸಿದ್ದರೆಂಬ ಧೈರ್ಯದಲ್ಲಿ ಹೊಸಬರು ಅಂಗಳಕ್ಕೆ ಒಯ್ಯುತ್ತಾರೆ, ಆದರೆ ಗರಿ ಉದುರುವ ಕಾಲ ಕಳೆದು ಹೊಸ ಗರಿ ಬಂದಿರುತ್ತದೆ.

ಮುಚ್ಚಿದ ಕೋಣೆಯಲ್ಲಿ, ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿ ಕನ್ನಡಿಗಳಿಗೆ ಪರದೆ ಎಳೆದು ಅಭ್ಯಾಸ ಪ್ರಾರಂಭಿಸಬೇಕು. ಮೊದಲು ಒಂದು ಗೇಣು ದೂರದಿಂದ ಹೆಸರು ಕರೆದು ಕೋಲು ತೋರಿಸಿ, ಕೈಗೆ ದಾಟಿದಾಗ ಬೀಜ ಕೊಡಬೇಕು. ಗೇಣು ಮೊಳವಾಗಿ, ಮೊಳ ಮಾರಾಗಿ, ಕೋಣೆಯ ಆ ತುದಿಯಿಂದ ಹಾರಿ ಬರುವಂತಾಗಲು ಕೆಲವು ವಾರಗಳೇ ಬೇಕಾದಾವು. ಕರೆದು ಬಂದ ಹಕ್ಕಿಯನ್ನು ಪ್ರತಿಬಾರಿಯೂ ಪಂಜರಕ್ಕೆ ತಳ್ಳಿದರೆ ಕರೆಯ ಬೆಲೆ ಹೋಗುತ್ತದೆ; ಹತ್ತರಲ್ಲಿ ಎಂಟು ಬಾರಿ ಬೀಜ ಕೊಟ್ಟು ಮತ್ತೆ ಬಿಡಬೇಕು.

ಬೇಸಿಗೆ ಮತ್ತು ಆರೋಗ್ಯ

ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಆಗ ಪಾಠವನ್ನು ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ಬಾಯಿ ತೆರೆದು ಏದುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಬಿಸಿಲಿನ ಬಾಧೆಯೆಂದು ತಿಳಿದು ತಂಪು ಸ್ಥಳಕ್ಕೆ ಸಾಗಿಸಿ, ಕಾಲು ಹಾಗೂ ಗರಿಗಳ ಮೇಲೆ ಸಾಧಾರಣ ನೀರು ಚಿಮುಕಿಸಬೇಕು. ತಗಡಿನ ಮಾಡಿನ ಕೆಳಗೆ ಪಂಜರ ತೂಗುಹಾಕಬಾರದು. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಈರುಳ್ಳಿ, ಉಪ್ಪಿನ ತಿಂಡಿಗಳು ಗಿಳಿಗೆ ಅಪಾಯಕಾರಿ. ಹಸಿಮೆಣಸಿನಕಾಯಿ ಕೊಡಬಹುದು, ಅದರ ಖಾರ ಹಕ್ಕಿಗಳಿಗೆ ತಗಲುವುದಿಲ್ಲ.

ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಹೊಸದನ್ನು ಒಂದು ತಿಂಗಳ ಕಾಲ ಪ್ರತ್ಯೇಕ ಕೋಣೆಯಲ್ಲಿ ಇಡತಕ್ಕದ್ದು. ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ರೋಗವು ಒಣಗಿದ ಹಿಕ್ಕೆಯ ಧೂಳಿನಿಂದ ಬರುವುದರಿಂದ ಪಂಜರದ ತಳವನ್ನು ಒದ್ದೆ ಮಾಡಿ ಒರೆಸಬೇಕು, ಪಾಠದ ನಂತರ ಕೈತೊಳೆಯಬೇಕು, ತುಟಿಯಿಂದ ತಿನಿಸು ಕೊಡಬಾರದು. ಮನೆಯವರಿಗೆ ಜ್ವರ ಮತ್ತು ಒಣಕೆಮ್ಮು ಬಂದಲ್ಲಿ ಮನೆಯಲ್ಲಿ ಗಿಳಿಯಿರುವ ಸಂಗತಿಯನ್ನು ವೈದ್ಯರಿಗೆ ತಿಳಿಸುವುದು. ಹಕ್ಕಿಯು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದ್ದರೆ, ಆಹಾರ ಬಿಟ್ಟು ಗರಿಯುಬ್ಬಿಸಿ ಕುಳಿತಿದ್ದರೆ ಪಾಠ ನಿಲ್ಲಿಸಿ ಅದೇ ದಿನ ಸಮೀಪದ ಪಶುವೈದ್ಯರಿಗೆ ತೋರಿಸತಕ್ಕದ್ದು. ಗಿಳಿಯು ಕಾಯಿಲೆಯನ್ನು ಕಡೆಯವರೆಗೂ ಮರೆಮಾಚುವ ಪ್ರಾಣಿಯಾದ್ದರಿಂದ ನಾಳೆಗೆ ಕಾಯುವಷ್ಟು ಸಮಯ ಇರುವುದಿಲ್ಲ.